ಹೆಜ್ಜೇನು, ಒಂದು ಆಂಪೂಲ್ ಮತ್ತು 34 ನಿಮಿಷ

2024ರ ಫೆಬ್ರವರಿ ಕೊನೆಯ ವಾರ. ಸಕಲೇಶಪುರ ತಾಲ್ಲೂಕು, ಹೆತ್ತೂರು ಕಡೆಯ ಒಂದು ಕಾಫಿ ತೋಟ. ಕಾಫಿ ಕುಯ್ಲು ಮುಗಿದು ಮೆಣಸಿನ ಕುಯ್ಲು ನಡೆಯುತ್ತಿತ್ತು. ಗಂಡಸರು ಸಿಲ್ವರ್ ಮರಕ್ಕೆ ಏಣಿ ಹಾಕಿ ಮೇಲೆ ಹತ್ತಿದ್ದರು. ಕೆಳಗೆ ಬಿದ್ದ ಮೆಣಸನ್ನು ಹೆಂಗಸರು ಆರಿಸುತ್ತಿದ್ದರು. ಏಣಿಯನ್ನು ಪಕ್ಕದ ಮರಕ್ಕೆ ಸರಿಸುವಾಗ ಅದರ ತುದಿ ಒಂದು ಕೊಂಬೆಗೆ ಬಡಿಯಿತು. ಆ ಕೊಂಬೆಯಲ್ಲಿ ಹೆಜ್ಜೇನು ಕಟ್ಟಿತ್ತು.

ಹೆಜ್ಜೇನು ಎದ್ದರೆ ಮಲೆನಾಡಿನಲ್ಲಿ ಯಾರೂ ಯಾರನ್ನೂ ಕಾಯುವುದಿಲ್ಲ, ಓಡುತ್ತಾರೆ. ಏಣಿ ಮೇಲಿದ್ದವನು ಹೇಗೋ ಇಳಿದು ಪಾರಾದ. ಕೆಳಗಿದ್ದ ಒಬ್ಬ ಹೆಂಗಸಿಗೆ, ವಯಸ್ಸು ನಲವತ್ತೈದರ ಆಚೀಚೆ, ತಲೆ, ಕುತ್ತಿಗೆ, ಕೈಗೆಲ್ಲ ಸೇರಿ ನಲವತ್ತರಷ್ಟು ಕುಟುಕು. ಮೇಸ್ತ್ರಿ ಕಂಬಳಿ ಹೊದಿಸಿ, ತರಗೆಲೆಗೆ ಬೆಂಕಿ ಹಾಕಿ ಹೊಗೆ ಮಾಡಿ, ಆಕೆಯನ್ನು ಹೊರಗೆ ಎಳೆದು ತಂದರು. ಅಲ್ಲಿಯವರೆಗೂ ಎಲ್ಲರೂ ಮಾಡಿದ್ದು ಸರಿಯೇ. ಕೆಲಸಗಾರರ ಲೈನ್ ಮನೆಯಿಂದ ಯಾರೋ ಸುಣ್ಣ ತಂದು ಹಚ್ಚಿದರು. ಅದರಿಂದ ಲಾಭ ಇಲ್ಲ.

ನಾನು ಹಾಸನದ ಒಂದು ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಡಾಕ್ಟರ್. ವಾರದ ಕೊನೆಗೆ ಆಂಬುಲೆನ್ಸ್‌ನವರಿಗೆ ಪಾಠ ಮಾಡುತ್ತೇನೆ. ಆಗ ನಮ್ಮ ಬ್ಯಾಚಿನಲ್ಲಿ ಹನ್ನೊಂದು ಜನ ಇದ್ದರು. ಏಳು ಇಎಂಟಿಗಳು (ಆಂಬುಲೆನ್ಸಿನಲ್ಲಿ ರೋಗಿಯನ್ನು ನೋಡಿಕೊಳ್ಳುವ ತಂತ್ರಜ್ಞರು), ನಾಲ್ಕು ಸ್ಟಾಫ್ ನರ್ಸ್‌ಗಳು. ಮಾಮೂಲಿ ಇಎಂಟಿ ಕೆಲಸದಿಂದ ಒಂದು ಮೆಟ್ಟಿಲು ಮೇಲೆ ಅವರನ್ನು ಹತ್ತಿಸುವುದು ನಮ್ಮ ಗುರಿ. ಆ ದಿನ ತೋಟಕ್ಕೆ ಹೋದ ಗಾಡಿಯಲ್ಲಿ ಇದ್ದವನು ನನ್ನದೇ ವಿದ್ಯಾರ್ಥಿ. ಹಾಗಾಗಿ ಈ ಪ್ರಕರಣ ಬರೆಯುವಾಗ ನಾನು ಹೊರಗೆ ನಿಂತು ನೋಡಿದವಳಲ್ಲ. ರೋಗಿಯ ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿದ್ದೇನೆ. ಗಾಡಿ ಒಂದು ಖಾಸಗಿ ಟ್ರಸ್ಟಿನದು, ಹೆಸರು ಬೇಡ.

ಗಡಿಯಾರದ ಪ್ರಕಾರ ಆದದ್ದು

10:20ಕ್ಕೆ ಕುಟುಕು. ಐದು ನಿಮಿಷದಲ್ಲಿ ಮೈಯೆಲ್ಲ ದದ್ದು, ತುರಿಕೆ, ಎರಡು ಸಲ ವಾಂತಿ. ಗಂಟಲು ಹಿಡಿದ ಹಾಗಾಗುತ್ತಿದೆ ಎಂದು ಆಕೆ ಹೇಳಿದ್ದನ್ನು ತೋಟದ ಲೆಕ್ಕ ಬರೆಯುವ ರೈಟರ್ ನೆನಪಿಟ್ಟುಕೊಂಡಿದ್ದರು. ಜೀಪಿನ ಮುಂದಿನ ಸೀಟಿನಲ್ಲಿ ಇಬ್ಬರ ನಡುವೆ ನೆಟ್ಟಗೆ ಕೂರಿಸಿ ಟಾರ್ ರಸ್ತೆಗೆ ತಂದರು. 10:50ಕ್ಕೆ ತೋಟದ ಗೇಟಿನ ಹತ್ತಿರ ಆಂಬುಲೆನ್ಸ್ ಸಿಕ್ಕಿತು.

ಇಎಂಟಿ ಬರೆದುಕೊಂಡ ಮೊದಲ ಸಾಲು: ನಾಡಿ 130, ಕೈಯಲ್ಲಿ ಹಿಡಿದು ನೋಡಿದ ಬಿ.ಪಿ. 70, ರಕ್ತದ ಆಕ್ಸಿಜನ್ ಸ್ಯಾಚುರೇಷನ್ 86, ಉಬ್ಬಸದ ಶಬ್ದ, ತುಟಿ ಊದಿದೆ. ಇಷ್ಟು ಸಾಕು. ಇದನ್ನು ಓದಿದ ಯಾವ ಎಮರ್ಜೆನ್ಸಿ ಡಾಕ್ಟರೂ ಎರಡನೇ ಯೋಚನೆ ಮಾಡುವುದಿಲ್ಲ. ಇದು ಅನಾಫಿಲಾಕ್ಸಿಸ್, ಅಂದರೆ ಜೀವಕ್ಕೆ ಎರವಾಗುವ ಅಲರ್ಜಿ. ಮೊದಲ ಔಷಧಿ ಅಡ್ರಿನಲಿನ್, ತೊಡೆಯ ಸ್ನಾಯುವಿಗೆ, ತಕ್ಷಣ.

ಅವನು ಆಕ್ಸಿಜನ್ ಹಾಕಿದ. ಅಲರ್ಜಿಯ ತುರಿಕೆಗೆ ಕೊಡುವ ಅವಿಲ್ ಕೊಟ್ಟ. ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಟ್ಟ. ಡ್ರಿಪ್‌ಗೆ ನರ ಹುಡುಕಿದ. ಬಿ.ಪಿ. ಬಿದ್ದವರ ನರ ಅಷ್ಟು ಸುಲಭಕ್ಕೆ ಸಿಗುತ್ತದೆಯೇ? ಮೂರು ಸಲ ಚುಚ್ಚಿದ. ಅಷ್ಟರಲ್ಲಿ ಡಾಕ್ಟರಿಗೆ ಫೋನ್ ಹಚ್ಚಿದ. ಸಿಗ್ನಲ್ ಇಲ್ಲ. ಗಾಡಿ ಹೊರಟಿತು. ಗುಡ್ಡದ ನೆತ್ತಿ ದಾಟಿದ ಮೇಲೆ ಎರಡು ಗೆರೆ ಸಿಗ್ನಲ್ ಬಂತು. ಟ್ರಸ್ಟಿನ ಡಾಕ್ಟರ್ "ಅಡ್ರಿನಲಿನ್ ಕೊಡು, ಅರ್ಧ" ಅನ್ನುವಷ್ಟರಲ್ಲಿ ಫೋನ್ ಕಟ್ಟಾಯಿತು. 11:24ಕ್ಕೆ ಅವನು ಇಂಜೆಕ್ಷನ್ ಕೊಟ್ಟ. ಕೊಟ್ಟಿದ್ದು ಕೈಗೆ, ಇನ್ಸುಲಿನ್ ಸಿರಿಂಜಿನಲ್ಲಿ.

ರೋಗಿಯನ್ನು ಮುಟ್ಟಿದ ಹೊತ್ತಿನಿಂದ ಅಲ್ಲಿಗೆ 34 ನಿಮಿಷ.

11:41ಕ್ಕೆ ಆಸ್ಪತ್ರೆ ಸೇರಿದರು. ಆಗಲೂ ಬಿ.ಪಿ. 80 ದಾಟಿರಲಿಲ್ಲ. ಅಲ್ಲಿ ತೊಡೆಗೆ ಮತ್ತೊಂದು ಡೋಸ್ ಕೊಟ್ಟರು, ಎರಡು ಬಾಟಲಿ ಸಲೈನ್ ಓಡಿಸಿದರು. ಹತ್ತು ನಿಮಿಷದಲ್ಲಿ ಆಕೆ ಕಣ್ಣು ಬಿಟ್ಟು ನೀರು ಕೇಳಿದರು. ಇಂಥ ಅಲರ್ಜಿ ಇಳಿದು ಕೆಲವು ಗಂಟೆಯ ಮೇಲೆ ಮತ್ತೆ ಏರುವುದುಂಟು. ಜಾಸ್ತಿ ಕುಟುಕು ಬಿದ್ದರೆ ವಿಷವೇ ಸ್ನಾಯುವನ್ನು ಕರಗಿಸಿ ಕಿಡ್ನಿಗೆ ತೊಂದರೆ ಕೊಡುವುದೂ ಉಂಟು. ಅದಕ್ಕೇ ಎರಡು ದಿನ ಇಟ್ಟುಕೊಂಡು ಮೂತ್ರದ ಬಣ್ಣ ನೋಡುತ್ತಿದ್ದರು. ಮೂರನೇ ದಿನ ಮನೆಗೆ ಹೋದರು.

ಆಕೆ ಬದುಕಿದರು, ಸರಿ. ಆದರೆ ಅದರಲ್ಲಿ ನಮ್ಮ ಪಾಲು ಎಷ್ಟು, ಅದೃಷ್ಟದ ಪಾಲು ಎಷ್ಟು? ಬ್ರಿಟನ್ನಿನ ಪಂಫ್ರಿ ಎಂಬ ವೈದ್ಯ ಅಲ್ಲಿ ಅನಾಫಿಲಾಕ್ಸಿಸ್‌ನಿಂದ ಸತ್ತವರ ದಾಖಲೆ ಒಟ್ಟು ಮಾಡಿ 2000ರಲ್ಲಿ ಪ್ರಕಟಿಸಿದ. ಕುಟುಕಿನಿಂದ ಸತ್ತವರಲ್ಲಿ ಉಸಿರೋ ಹೃದಯವೋ ನಿಲ್ಲಲು ಹಿಡಿದ ಮಧ್ಯಮ ಅವಧಿ 15 ನಿಮಿಷ. ತಿಂದದ್ದರಿಂದ ಆಗಿದ್ದರೆ 30. ಆಸ್ಪತ್ರೆಯಲ್ಲಿ ಕೊಟ್ಟ ಔಷಧಿಯಿಂದ ಆಗಿದ್ದರೆ 5. ನಮ್ಮ ಗಾಡಿ ಮುಟ್ಟುವ ಮೊದಲೇ ಆ 15 ನಿಮಿಷದ ಎರಡರಷ್ಟು ಕಳೆದಿತ್ತು.

"ಗೊತ್ತಿತ್ತು ಮೇಡಂ"

ಮಾರನೇ ಶನಿವಾರ ಹುಡುಗನನ್ನು ಕೂರಿಸಿಕೊಂಡು ಮಾತಾಡಿದೆ. ಬೈಯುವ ಮನಸ್ಸಿರಲಿಲ್ಲ. ಆದರೂ ಅವನ ಮುಖ ಆಗಲೇ ಸಣ್ಣದಾಗಿತ್ತು.

"ಅಡ್ರಿನಲಿನ್ ಕೊಡಬೇಕು ಅಂತ ಗೊತ್ತಿರಲಿಲ್ವಾ?"

"ಗೊತ್ತಿತ್ತು ಮೇಡಂ. ಟೆಸ್ಟಲ್ಲಿ ಬರೆದಿದ್ದೆ. ನೀವೇ ಹತ್ತಕ್ಕೆ ಹತ್ತು ಕೊಟ್ಟಿದ್ರಿ."

ನಿಜ. ಅವನ ಉತ್ತರಪತ್ರಿಕೆ ತೆಗೆದು ನೋಡಿದೆ. ಡೋಸ್, ಜಾಗ, ಎಷ್ಟು ಹೊತ್ತಿಗೆ ಮತ್ತೆ ಕೊಡಬೇಕು, ಎಲ್ಲ ಅಚ್ಚುಕಟ್ಟಾಗಿ ಬರೆದಿದ್ದ. ನನಗೆ ನಿದ್ದೆಗೆಡಿಸಿದ್ದು ಈ ಹಾಳೆ. ಗೊತ್ತಿಲ್ಲದವನಿಗೆ ಹೇಳಿಕೊಡಬಹುದು. ಗೊತ್ತಿದ್ದೂ ಕೈ ಎತ್ತದವನಿಗೆ ಏನು ಹೇಳಿಕೊಡುವುದು?

ಅರ್ಧ ಗಂಟೆ ಮಾತಾಡಿದ ಮೇಲೆ ಒಂದೊಂದೇ ಹೊರಬಂತು. ಒಂದು, ಅನುಮತಿ. ಡಾಕ್ಟರ್ ಫೋನಿನಲ್ಲಿ ಹೇಳದೆ ಅಡ್ರಿನಲಿನ್ ಮುಟ್ಟಬಾರದು ಎಂದು ಟ್ರಸ್ಟಿನ ನಿಯಮ. ಪಟ್ಟಣದಲ್ಲಿ ಕುಳಿತು ಬರೆದ ನಿಯಮ ಅದು. ಅಲ್ಲಿ ಫೋನ್ ಸಿಗುತ್ತದೆ. ಅವಿಲ್‌ಗೆ ಅಂಥ ತಡೆ ಇರಲಿಲ್ಲ. ಹಾಗಾಗಿ ಕೈ ಮೊದಲು ಅವಿಲ್ ಕಡೆಗೇ ಹೋಯಿತು. ಇದು ಬರೀ ಅವನ ಅಭ್ಯಾಸ ಅಲ್ಲ. ನಮ್ಮ ಕಡೆ ಎಷ್ಟೋ ಕ್ಲಿನಿಕ್‌ಗಳಲ್ಲಿ ಅಲರ್ಜಿ ಎಂದ ಕೂಡಲೇ "ಒಂದು ಅವಿಲ್, ಒಂದು ಡೆಕ್ಸಾ" ಎನ್ನುವುದು ಮಂತ್ರದ ಹಾಗೆ ಬಾಯಿಗೆ ಬರುತ್ತದೆ. ಅವಿಲ್ ತುರಿಕೆ ಇಳಿಸುತ್ತದೆ, ಅಷ್ಟೇ. ಡೆಕ್ಸಾದಂಥ ಸ್ಟೀರಾಯ್ಡ್ ಕೆಲಸ ಶುರು ಮಾಡಲು ಗಂಟೆಗಳೇ ಬೇಕು. ಸೋರುತ್ತಿರುವ ರಕ್ತನಾಳವನ್ನು ಬಿಗಿ ಮಾಡಿ, ಮುಚ್ಚುತ್ತಿರುವ ಶ್ವಾಸನಾಳವನ್ನು ತೆರೆದು, ಅಲರ್ಜಿಯ ಬೆಂಕಿಗೆ ಸೌದೆ ಹಾಕುವ ಕೋಶಗಳನ್ನೂ ತಡೆಯುವುದು ಅಡ್ರಿನಲಿನ್ ಒಂದೇ.

ಎರಡು, ಭಯ. ಅವನು ಅಡ್ರಿನಲಿನ್ ನೋಡಿದ್ದೆಲ್ಲ ಹೃದಯ ನಿಂತವರಿಗೆ ಕೊಡುವಾಗ. ಅದು "ಕೊನೆಯ ಔಷಧಿ" ಎಂದು ಅವನ ತಲೆಯಲ್ಲಿ ಕೂತಿತ್ತು. ಮಾತಾಡುತ್ತಿರುವ ಹೆಂಗಸಿಗೆ ಅದನ್ನು ಕೊಟ್ಟು ಹೃದಯ ನಿಂತುಬಿಟ್ಟರೆ?

ಮೂರನೆಯದನ್ನು ಹೇಳಲು ಅವನು ತುಂಬಾ ಹೊತ್ತು ತೆಗೆದುಕೊಂಡ. ನೆಲ ನೋಡುತ್ತಾ ಹೇಳಿದ.

"ತೊಡೆಗೆ ಮೇಡಂ... ಸುತ್ತ ಜನ ನಿಂತಿದ್ರು. ಅವರ ಗಂಡ, ಮೈದುನ ಎಲ್ಲ ಅಲ್ಲೇ ಇದ್ರು. ಸೀರೆ ಹೆಂಗೆ ಸರಿಸೋದು?"

ಯಾವ ಪಠ್ಯದಲ್ಲೂ ಈ ಸಾಲು ಇಲ್ಲ. ನನ್ನ ಪಾಠದಲ್ಲೂ ಇರಲಿಲ್ಲ. ಅಡ್ರಿನಲಿನ್ ಅನ್ನು ಬಟ್ಟೆಯ ಮೇಲಿಂದಲೇ ಚುಚ್ಚಬಹುದು ಎಂಬ ಒಂದು ಮಾತು ನಾನು ಹೇಳಿದ್ದರೆ ಸಾಕಿತ್ತು.

ನಾಲ್ಕನೆಯದು ಸಿರಿಂಜ್. ಚೀಲದಲ್ಲಿ ಇದ್ದ ಒಂದು ಎಂ.ಎಲ್. ಸಿರಿಂಜ್ ಎಂದರೆ ಇನ್ಸುಲಿನ್ ಸಿರಿಂಜ್ ಮಾತ್ರ. ಅದರ ಮೇಲೆ ಎಂ.ಎಲ್. ಗುರುತಿಲ್ಲ, 40 ಯೂನಿಟ್‌ನ ಗುರುತಿದೆ. ಅರ್ಧಕ್ಕೆ ಎಳೆದ, ಲೆಕ್ಕ ಸರಿಯಾಯಿತು. ಆದರೆ ಸೂಜಿ ಗಿಡ್ಡ. ಔಷಧಿ ಸ್ನಾಯುವಿಗೆ ಹೋಗಲೇ ಇಲ್ಲ, ಚರ್ಮದ ಕೆಳಗೆ ನಿಂತಿತು. ಕೆನಡಾದಲ್ಲಿ ಎಸ್ಟೆಲ್ ಸೈಮನ್ಸ್ ತಂಡ 1998ರಲ್ಲಿ ಮಕ್ಕಳಲ್ಲಿ ಇದನ್ನೇ ಅಳೆದಿತ್ತು. ತೊಡೆಯ ಸ್ನಾಯುವಿಗೆ ಕೊಟ್ಟಾಗ ರಕ್ತದಲ್ಲಿ ಔಷಧಿ ತುತ್ತತುದಿ ಮುಟ್ಟಲು ಸರಾಸರಿ 8 ನಿಮಿಷ ಬೇಕಾಯಿತು. ಚರ್ಮದ ಕೆಳಗೆ ಕೊಟ್ಟಾಗ 34 ನಿಮಿಷ. ಅದೇ 34! ಕಾಕತಾಳೀಯ, ನಿಜ. ಆದರೆ ಆ ಬ್ಯಾಚಿನಲ್ಲಿ ಈ ಅಂಕಿಯನ್ನು ಯಾರೂ ಮರೆಯುವುದಿಲ್ಲ.

ತಪ್ಪು ಎಲ್ಲಿ ಶುರುವಾಯಿತು

ಇಲ್ಲಿ ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ಆ ಕೋರ್ಸಿನ ಪಟ್ಟಿ ಮಾಡಿದವಳು ನಾನು. ಎರಡು ಪೂರ್ತಿ ವಾರಾಂತ್ಯ ಇಂಟ್ಯುಬೇಷನ್‌ಗೆ ಕೊಟ್ಟಿದ್ದೆ. ಬೊಂಬೆಯ ಗಂಟಲಿಗೆ ಟ್ಯೂಬ್ ಹಾಕುವುದು. ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ, ಕಲಿಯುವವರಿಗೂ ಖುಷಿ. ಇಸಿಜಿಗೆ ಮೂರು ವಾರಾಂತ್ಯ. ಅನಾಫಿಲಾಕ್ಸಿಸ್‌ಗೆ ನಲವತ್ತು ನಿಮಿಷ, ಅದೂ ಮಧ್ಯಾಹ್ನದ ಊಟ ಆದ ಮೇಲೆ.

ಈ ವಾಲಿಕೆ ನನ್ನೊಬ್ಬಳದಲ್ಲ. ಈ ವೃತ್ತಿಯ ಚರಿತ್ರೆಯೇ ಹೃದಯದಿಂದ ಶುರು. 1966ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಹೃದಯದ ಡಾಕ್ಟರ್ ಫ್ರಾಂಕ್ ಪ್ಯಾಂಟ್ರಿಜ್ ಆಂಬುಲೆನ್ಸಿಗೆ ಡಿಫಿಬ್ರಿಲೇಟರ್ (ಶಾಕ್ ಕೊಟ್ಟು ಹೃದಯದ ಬಡಿತ ಸರಿಮಾಡುವ ಯಂತ್ರ) ಹತ್ತಿಸಿದರು. 1970ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಹೃದಯದ ಡಾಕ್ಟರ್ ಲಿಯೊನಾರ್ಡ್ ಕಾಬ್ ಅವರ ಜೊತೆ ಅಗ್ನಿಶಾಮಕ ದಳದವರು ಅದೇ ಕೆಲಸ ಕಲಿತರು. ಅಲ್ಲಿಂದ ಹರಿದು ಬಂದ ಪಟ್ಟಿಯನ್ನು ನಾವು ಸುಮ್ನೆ ಹಾಗೇ ಎತ್ತಿಕೊಂಡೆವು. ಸಿಯಾಟಲ್ ಪಟ್ಟಣದಲ್ಲಿ ಯಾರೂ ಮೆಣಸು ಕುಯ್ಯುವುದಿಲ್ಲ ಎನ್ನುವುದು ನನಗೆ ಹೊಳೆಯಲಿಲ್ಲ.

ಬ್ರಿಟನ್ನಿನಲ್ಲಿ ಅಡ್ವಾನ್ಸ್ಡ್ ಪ್ಯಾರಾಮೆಡಿಕ್ ಎಂದರೆ ಏನು ಎಂದು ಆಮೇಲೆ ಸರಿಯಾಗಿ ಓದಿದೆ. ಅಲ್ಲಿ ನಾಲ್ಕು ಕಂಬ ಎನ್ನುತ್ತಾರೆ: ರೋಗಿಯನ್ನು ನೋಡುವ ಕೆಲಸ, ಮುಂದಾಳುತನ, ಕಲಿಸುವುದು, ಸಂಶೋಧನೆ. 2018ರಿಂದ ಅಲ್ಲಿ ಈ ಮಟ್ಟದವರು ಹೆಚ್ಚಿನ ತರಬೇತಿ ಪಡೆದು ತಾವೇ ಔಷಧಿ ಬರೆದುಕೊಡಬಹುದು. ಐರ್ಲೆಂಡಿನಲ್ಲಿ ಇಎಂಟಿ, ಪ್ಯಾರಾಮೆಡಿಕ್, ಅಡ್ವಾನ್ಸ್ಡ್ ಪ್ಯಾರಾಮೆಡಿಕ್ ಎಂದು ಮೂರು ಮೆಟ್ಟಿಲು. ಯಾವ ಮೆಟ್ಟಿಲಿನವರು ಏನು ಮಾಡಬಹುದು ಎನ್ನುವುದು ಮೊದಲೇ ಬರೆದಿರುತ್ತದೆ. ನಮ್ಮಲ್ಲಿ ಆರೋಗ್ಯ ವೃತ್ತಿಗಳ ಬಗೆಗಿನ 2021ರ ಕೇಂದ್ರ ಕಾಯ್ದೆ ಬಂದ ಮೇಲೆ ಎಮರ್ಜೆನ್ಸಿ ಮೆಡಿಕಲ್ ಟೆಕ್ನಾಲಜಿಸ್ಟ್, ಅಡ್ವಾನ್ಸ್ ಕೇರ್ ಪ್ಯಾರಾಮೆಡಿಕ್ ಎಂಬ ಹೆಸರುಗಳು ಕೇಂದ್ರದ ಪಟ್ಟಿಗೆ ಸೇರಿವೆ. ಹೆಸರು ಬಂತು, ಒಳ್ಳೆಯದು. ಆದರೆ ಹೆತ್ತೂರು ರಸ್ತೆಯಲ್ಲಿ ಬೆಳಗ್ಗೆ 10:50ಕ್ಕೆ ಆ ಹುಡುಗನಿಗೆ ಬೇಕಿದ್ದದ್ದು ಹೆಸರಲ್ಲ, ನಿರ್ಧಾರ ಮಾಡುವ ಹಕ್ಕು. ಆ ಹಕ್ಕಿನ ಜೊತೆಗೆ, ಅದನ್ನು ಬಳಸಿ ಬಳಸಿ ಪಳಗಿದ ಕೈ. ನನ್ನ ಕೋರ್ಸು ಅವನಿಗೆ ಸಾಮಾನು ಹೆಚ್ಚು ಕೊಟ್ಟಿತ್ತು, ಇವೆರಡನ್ನು ಕೊಟ್ಟಿರಲಿಲ್ಲ.

ಒಂದು ಹಾಳೆ, ಎರಡು ಸಹಿ

ಮೊದಲ ಕೆಲಸ ಪಾಠವೇ ಅಲ್ಲ, ಕಾಗದ. ಫೋನ್ ಸಿಗದಿದ್ದರೂ ಕೊಡಬಹುದು ಎಂದು ಮುಂಚಿತವಾಗಿ ಬರೆದುಕೊಡುವ ಆದೇಶ. ಒಂದೇ ಪುಟ, ಕನ್ನಡದಲ್ಲಿ, ದಪ್ಪ ಅಕ್ಷರ, ಲ್ಯಾಮಿನೇಷನ್ ಮಾಡಿಸಿದ್ದು. ಕುಟುಕು, ಊಟ ಅಥವಾ ಇಂಜೆಕ್ಷನ್ ಆದ ಸ್ವಲ್ಪ ಹೊತ್ತಿಗೆ ದದ್ದು ಎದ್ದು, ಅದರ ಜೊತೆ ಉಸಿರಿನ ತೊಂದರೆಯೋ ಬಿ.ಪಿ. ಬಿದ್ದದ್ದೋ ಇದ್ದರೆ ಕೊಡು. ಈ ಹಿಂದೆ ಕುಟುಕಿನಿಂದ ಅಲರ್ಜಿ ಆದವರಲ್ಲಿ ದದ್ದು ಇಲ್ಲದೆ ಬರೀ ಬಿ.ಪಿ. ಬಿದ್ದರೂ ಕೊಡು. ಹನ್ನೆರಡು ವರ್ಷ ದಾಟಿದವರಿಗೆ ಅರ್ಧ ಎಂ.ಎಲ್., ಆರರಿಂದ ಹನ್ನೆರಡರವರೆಗೆ 0.3, ಅದಕ್ಕಿಂತ ಚಿಕ್ಕ ಮಕ್ಕಳಿಗೆ 0.15. ಐದು ನಿಮಿಷಕ್ಕೆ ಮತ್ತೆ ನೋಡು, ಸುಧಾರಿಸದಿದ್ದರೆ ಮತ್ತೊಂದು. ಆಮೇಲೆ ಡ್ರಿಪ್. ಅವಿಲ್ ಎಲ್ಲಕ್ಕಿಂತ ಕೊನೆಗೆ, ಪುರುಸೊತ್ತಿದ್ದರೆ.

ಇಷ್ಟು ಬರೆಯಲು ಒಂದು ಸಂಜೆ ಸಾಕಾಯಿತು. ಸಹಿ ಹಾಕಿಸಲು ಐದು ವಾರ ಹಿಡಿಯಿತು.

ಟ್ರಸ್ಟಿನ ಡಾಕ್ಟರ್ ಹಿರಿಯರು, ಕೆಟ್ಟವರಲ್ಲ. ಅವರ ಚಿಂತೆ ನ್ಯಾಯವಾದದ್ದೇ. "ಎಪ್ಪತ್ತು ವರ್ಷದವರಿಗೆ ಕೊಟ್ಟು ಹಾರ್ಟ್ ಅಟ್ಯಾಕ್ ಆದ್ರೆ ಯಾರನ್ನ ಕೇಳ್ತಾರಮ್ಮ? ನನ್ನನ್ನ." ಸ್ನಾಯುವಿಗೆ ಕೊಡುವ ಈ ಡೋಸನ್ನು ಅನಾಫಿಲಾಕ್ಸಿಸ್‌ನಲ್ಲಿ ಯಾರಿಗೂ ಪೂರ್ತಿ ನಿಷೇಧ ಎಂದು ಯಾವ ಮಾರ್ಗಸೂಚಿಯೂ ಹೇಳುವುದಿಲ್ಲ ಎಂದು ತೋರಿಸಿದೆ. ಬ್ರಿಟನ್ನಿನ 2012ರ ಔಷಧ ನಿಯಮದಲ್ಲಿ ಜೀವ ಉಳಿಸಲು ಯಾರು ಬೇಕಾದರೂ ಕೊಡಬಹುದಾದ ಇಂಜೆಕ್ಷನ್‌ಗಳ ಪಟ್ಟಿಯಲ್ಲಿ ಇದೂ ಇದೆ ಎಂದೆ. ಅದು ಅಲ್ಲಿಯ ಕಾನೂನು, ಇಲ್ಲಿಗೆ ಏನು ಎಂದರು. ಅದೂ ಸರಿಯೇ. ಕೊನೆಗೆ ಅವರನ್ನು ಒಪ್ಪಿಸಿದ್ದು ವಾದ ಅಲ್ಲ. ಆ 34 ನಿಮಿಷದ ಹಾಳೆಯನ್ನು ಅವರ ಮುಂದೆ ಇಟ್ಟು, ಇಬ್ಬರೂ ಒಟ್ಟಿಗೆ ಸಹಿ ಹಾಕೋಣ ಸರ್ ಎಂದೆ. ಒಬ್ಬರೇ ಸಿಕ್ಕಿಬೀಳುವ ಭಯ ಕಡಿಮೆಯಾಯಿತು ಅನಿಸುತ್ತದೆ. ಎರಡು ಷರತ್ತು ಹಾಕಿದರು: ತರಬೇತಿಯಲ್ಲಿ ಪಾಸಾದವರಿಗೆ ಮಾತ್ರ ಈ ಹಕ್ಕು, ಕೊಟ್ಟ ಪ್ರತಿ ಡೋಸಿನ ಹಾಳೆ ಒಂದು ವಾರದೊಳಗೆ ನಮ್ಮಿಬ್ಬರ ಮುಂದೆ ಬರಬೇಕು. ಈ ಷರತ್ತುಗಳು ನನಗೇ ಹೊಳೆಯಬೇಕಿತ್ತು.

ಜೊತೆಗೆ ಒಂದು ಕೆಂಪು ಡಬ್ಬಿ. ಟಿಫಿನ್ ಡಬ್ಬಿಗಿಂತ ಚಿಕ್ಕದು. ಅಡ್ರಿನಲಿನ್ ಇರುವ ಎರಡು ಆಂಪೂಲ್ (ಪುಟ್ಟ ಗಾಜಿನ ಶೀಶೆ), ಎರಡು ಎಂ.ಎಲ್.ನ ಮೂರು ಸಿರಿಂಜ್, ಒಂದು ಇಂಚಿನ ಸೂಜಿ, ಮುಚ್ಚಳದ ಒಳಗೆ ಡೋಸಿನ ಚೀಟಿ. ಇನ್ಸುಲಿನ್ ಸಿರಿಂಜಿಗೆ ಅಲ್ಲಿ ಪ್ರವೇಶ ಇಲ್ಲ. ಬಿಸಿಲಿಗೆ, ಬೆಳಕಿಗೆ ಅಡ್ರಿನಲಿನ್ ಕೆಡುತ್ತದೆ, ಕಂದು ಬಣ್ಣಕ್ಕೆ ತಿರುಗುತ್ತದೆ. ಹಾಗಾಗಿ ಶಿಫ್ಟ್ ಶುರುವಾಗುವಾಗ ಡಬ್ಬಿ ತೆರೆದು ಬಣ್ಣ ನೋಡುವುದು ಪೈಲಟ್, ಅಂದರೆ ಗಾಡಿ ಓಡಿಸುವವರ ಕೆಲಸ. ಇಎಂಟಿ ಕೆಲಸ ಅಲ್ಲವಾ ಎಂದು ಕೇಳಿದರು. ಇಬ್ಬರಿಗೂ ಡಬ್ಬಿ ಎಲ್ಲಿದೆ ಎಂದು ಗೊತ್ತಿರಬೇಕು, ಅದಕ್ಕೆ.

ಫೋನುಗಳು ಬಿಸ್ಕತ್ ಡಬ್ಬಿಯಲ್ಲಿ

ಪಾಠವನ್ನು ಹೊಸದಾಗಿ ಕಟ್ಟುವಾಗ ಕೈಗೆ ಸಿಕ್ಕ ಒಳ್ಳೆಯ ಅಳತೆಗೋಲು ವೈದ್ಯಕೀಯ ಶಿಕ್ಷಣದ ತಜ್ಞ ಜಾರ್ಜ್ ಮಿಲ್ಲರ್ 1990ರಲ್ಲಿ ಹೇಳಿದ ಪಿರಮಿಡ್. ಕೆಳಗಿನ ಮೆಟ್ಟಿಲು ಗೊತ್ತಿರುವುದು. ಅದರ ಮೇಲೆ ಹೇಗೆಂದು ಗೊತ್ತಿರುವುದು. ಅದರ ಮೇಲೆ ಮಾಡಿ ತೋರಿಸುವುದು. ತುದಿಯಲ್ಲಿ, ನಿಜವಾದ ಕೆಲಸದಲ್ಲಿ ಮಾಡುವುದು. ನನ್ನ ಹತ್ತಕ್ಕೆ ಹತ್ತು ಎರಡನೇ ಮೆಟ್ಟಿಲಿನಲ್ಲೇ ನಿಂತಿತ್ತು.

ಕ್ಲಾಸ್‌ರೂಮ್ ಬಿಟ್ಟು ಗಾಡಿಗೆ ಹತ್ತಿದೆವು. ಓಡುತ್ತಿರುವ ಆಂಬುಲೆನ್ಸಿನಲ್ಲಿ ಸ್ಟೆತಾಸ್ಕೋಪಿನಿಂದ ಬಿ.ಪಿ. ಕೇಳುವುದು ಆಗದ ಮಾತು. ಬೆರಳಿನಲ್ಲಿ ನಾಡಿ ಹಿಡಿದು ನೋಡುವುದೇ ದಾರಿ. ದೋಣಿಗಾಲ್‌ನಿಂದ ಶಿರಾಡಿ ಘಾಟಿಯ ಇಳಿಜಾರಿನಲ್ಲಿ ಅಭ್ಯಾಸ ಮಾಡಿಸಿದೆವು. ಮೊದಲ ದಿನ ಇಬ್ಬರು ನರ್ಸ್‌ಗಳಿಗೆ, ಆಮೇಲೆ ನನಗೇ ವಾಂತಿ. ಇದನ್ನೂ ಪಠ್ಯದಲ್ಲಿ ಸೇರಿಸಿದೆವು: ಹಿಂದಕ್ಕೆ ಮುಖ ಮಾಡಿ ಕೂತು ತಿರುವಿನಲ್ಲಿ ಆಂಪೂಲ್ ಒಡೆಯಬೇಡ, ನೇರ ದಾರಿ ಬರುವವರೆಗೆ ಕಾಯಿ, ಇಲ್ಲ ಗಾಡಿ ನಿಲ್ಲಿಸು.

ಹತ್ತುವ ಮೊದಲು ಎಲ್ಲರ ಫೋನೂ ಒಂದು ಬಿಸ್ಕತ್ ಡಬ್ಬಿಗೆ. "ಸಿಗ್ನಲ್ ಇಲ್ಲ" ಎನ್ನುವುದು ಪ್ರತಿ ಅಭ್ಯಾಸದ ಮೊದಲ ಸಾಲು. ಮೊದಮೊದಲು ಎಲ್ಲರೂ ಡಬ್ಬಿ ಕಡೆ ನೋಡುತ್ತಿದ್ದರು. ನಾಲ್ಕನೇ ವಾರಕ್ಕೆ ರೋಗಿ ಕಡೆ ನೋಡಲು ಶುರು ಮಾಡಿದರು.

ತೊಡೆಯ ವಿಷಯವನ್ನು ನಾಚಿಕೆ ಬಿಟ್ಟು ಪಾಠ ಮಾಡಿದೆವು. ತೊಡೆಯ ಬದಲಿಗೆ ಇಟ್ಟ ಸ್ಪಂಜಿಗೆ ಹಳೆ ಲಂಗ, ಅದರ ಮೇಲೆ ಸೀರೆ, ಅದರ ಮೇಲೆ ತೋಟದ ಹೆಂಗಸರು ಹಾಕುವ ಗಂಡಸರ ಶರ್ಟು. ಚುಚ್ಚಿ ನೋಡಿದರೆ ಗೊತ್ತಾಗುತ್ತದೆ, ನೆರಿಗೆ ಇರುವ ಮುಂಭಾಗದಲ್ಲಿ ಬಟ್ಟೆ ದಪ್ಪ, ತೊಡೆಯ ಹೊರಬದಿಯಲ್ಲಿ ತೆಳು. ಬೇಕಾದ ಜಾಗವೂ ಅದೇ. ರೋಗಿಯಾಗಿ ನಟಿಸಿದ್ದು ಬ್ಯಾಚಿನ ಒಬ್ಬ ಸ್ಟಾಫ್ ನರ್ಸ್. ಏನು ಹೇಳಬೇಕು ಎಂದು ಅವರೇ ಹುಡುಗರಿಗೆ ಹೇಳಿಕೊಟ್ಟರು: "ಅಕ್ಕ, ಸೀರೆ ಸರಿಸಲ್ಲ, ಬಟ್ಟೆ ಮೇಲೇ ಒಂದು ಇಂಜೆಕ್ಷನ್ ಕೊಡ್ತೀನಿ. ಉಸಿರು ಸಲೀಸಾಗುತ್ತೆ." ಆಮೇಲೆ ಗಂಡನ ಕಡೆ ತಿರುಗಿ, "ಅಣ್ಣ, ನೀವು ಈ ಬಾಟಲಿ ಹಿಡ್ಕೊಳ್ಳಿ." ಕೈಗೆ ಕೆಲಸ ಕೊಟ್ಟರೆ ಜನ ಜಗಳಕ್ಕೆ ಬರುವುದಿಲ್ಲ ಎನ್ನುವುದು ಅವರ ಹದಿನೈದು ವರ್ಷದ ಅನುಭವ. ಈ ಎರಡು ವಾಕ್ಯ ನನ್ನ ಅರ್ಧ ಕೋರ್ಸಿಗೆ ಸಮ.

ಜಾಸ್ತಿ ಚರ್ಚೆಯಾದದ್ದು ಕೊಡಬಾರದ ಪ್ರಸಂಗಗಳ ಬಗ್ಗೆ. ಬರೀ "ಕೊಡು" ಎನ್ನುವ ಕಥೆಗಳನ್ನೇ ಹೇಳಿದರೆ ಅವರು ಎಲ್ಲರಿಗೂ ಕೊಡಲು ಶುರು ಮಾಡುತ್ತಾರೆ. ಅದಕ್ಕೇ ಅರ್ಧದಷ್ಟು ಪ್ರಸಂಗ "ಬೇಡ" ಎನ್ನುವವು. ಕುಟುಕಿದ ಕೈ ಮಾತ್ರ ಊದಿದೆ, ಉಳಿದದ್ದೆಲ್ಲ ಸರಿಯಿದೆ: ಬೇಡ, ಕಣ್ಣಿಡು. ಕುಟುಕಿದ ಹೆದರಿಕೆಗೆ ಕಣ್ಣು ಕತ್ತಲೆ ಬಂದು ಬಿದ್ದಿದ್ದಾರೆ, ನಾಡಿ ನಿಧಾನ, ದದ್ದಿಲ್ಲ: ಬೇಡ, ಮಲಗಿಸು. ಇನ್ನೂರು ಕುಟುಕು, ಆದರೆ ಉಸಿರು, ಬಿ.ಪಿ. ಸರಿ: ಈಗ ಬೇಡ, ಆದರೆ ಆಸ್ಪತ್ರೆ ಬೇಕೇ ಬೇಕು, ಕಿಡ್ನಿಗೆ. ಚರ್ಮದಲ್ಲಿ ಉಳಿದ ಜೇನಿನ ಮುಳ್ಳು ಹೇಗೆ ತೆಗೆದೆ ಎನ್ನುವುದಕ್ಕಿಂತ ಎಷ್ಟು ಬೇಗ ತೆಗೆದೆ ಎನ್ನುವುದು ಮುಖ್ಯ.

ಒಂದು ಪ್ರಶ್ನೆಗೆ ಮಾತ್ರ ಸುಲಭದ ಉತ್ತರ ಸಿಗಲಿಲ್ಲ. ಬಿ.ಪಿ. ಬಿದ್ದವರನ್ನು ಮಲಗಿಸಿ ಕಾಲು ಎತ್ತಬೇಕು. ಉಬ್ಬಸ ಇರುವವರನ್ನು ಕೂರಿಸಬೇಕು. ಆ ಹೆಂಗಸಿಗೆ ಎರಡೂ ಇತ್ತು. ಏನು ಮಾಡುವುದು? ಪಂಫ್ರಿಯ ದಾಖಲೆಗಳಲ್ಲಿ ಮಲಗಿದ್ದವರನ್ನು ಎಬ್ಬಿಸಿ ಕೂರಿಸಿದ ಕೂಡಲೇ ಜೀವ ಹೋದ ಪ್ರಸಂಗಗಳಿವೆ. ರಕ್ತ ಕೆಳಗೆ ನಿಂತು ಹೃದಯ ಖಾಲಿ ಬಡಿಯುತ್ತದೆ. ನಾವು ಒಪ್ಪಿಕೊಂಡದ್ದು ಇಷ್ಟು: ಮೊದಲು ಇಂಜೆಕ್ಷನ್. ಆಮೇಲೆ ಕಾಲು ಚಾಚಿಸಿ, ಉಸಿರಿಗೆ ಬೇಕಾದಷ್ಟೇ ಬೆನ್ನು ಎತ್ತು. ಏನೇ ಆದರೂ ನಿಲ್ಲಿಸಬೇಡ, ನಡೆಸಬೇಡ. ತೋಟದ ರೈಟರ್, ಮೇಸ್ತ್ರಿಗಳನ್ನು ಕರೆದು ಒಂದು ಗಂಟೆ ಇದನ್ನೇ ಹೇಳಿದೆವು. ಜೀಪಿನ ಮುಂದಿನ ಸೀಟು ಬೇಡ, ಹಿಂದೆ ಮಲಗಿಸಿ ತನ್ನಿ. ಮೂರು ತೋಟದವರು ಬಂದಿದ್ದರು. ಹತ್ತು ತೋಟಕ್ಕೆ ಕಾಗದ ಕಳಿಸಿದ್ದೆವು.

2025ರ ಜೂನ್, ಜುಲೈನಲ್ಲಿ ಹಾಸನದ ಹೆಸರು ಹಠಾತ್ ಹೃದಯಾಘಾತದ ಸುದ್ದಿಗಳಲ್ಲಿ ದಿನಾ ಬಂತು. ಸರ್ಕಾರ ತಜ್ಞರ ಸಮಿತಿ ಮಾಡಿತು. ಜನ ಇಸಿಜಿಗೆ ಸಾಲು ನಿಂತರು. ನಮ್ಮ ಬ್ಯಾಚಿಗೂ "ಹೃದಯದ್ದು ಜಾಸ್ತಿ ಮಾಡಿ ಮೇಡಂ" ಎಂಬ ಒತ್ತಡ ಬಂತು. ಮಾಡಿದೆವು, ಬೇಕಾದದ್ದೇ. ಆದರೆ ಹೆಜ್ಜೇನಿನ ವಾರಾಂತ್ಯವನ್ನು ಕತ್ತರಿಸಲು ಬಿಡಲಿಲ್ಲ. ಇಂಟ್ಯುಬೇಷನ್ ಕತ್ತರಿಸಿದೆ.

ಎರಡನೇ ಕರೆ

ಅದೇ ವರ್ಷ ಅಕ್ಟೋಬರ್. ಮಳೆ ಬಿಟ್ಟ ಮೇಲೆ ತೋಟದಲ್ಲಿ ಕಳೆ ಹೊಡೆಯುವ ಮಷಿನ್ ಓಡುತ್ತಿತ್ತು. ಬ್ಲೇಡು ನೆಲದ ಕಡಜದ ಗೂಡಿಗೆ ತಾಗಿತು. ಅರವತ್ತು ದಾಟಿದ ಗಂಡಸು, ಬಿ.ಪಿ.ಗೆ ಅಟೆನಲಾಲ್ ಮಾತ್ರೆ ತಗೊಳ್ಳುತ್ತಿದ್ದರು. ಗಾಡಿಯಲ್ಲಿ ಇದ್ದವನು ಅದೇ ಹುಡುಗ.

ಹಾಳೆಯಲ್ಲಿ ಬರೆದದ್ದು ಹೀಗಿತ್ತು. "3:12 ರೋಗಿ ಮುಟ್ಟಿದ್ದು. 3:16 ಅಡ್ರಿನಲಿನ್ 0.5, ಬಲ ತೊಡೆ, ಪ್ಯಾಂಟ್ ಮೇಲೆ. ಸಿಗ್ನಲ್ ಇಲ್ಲ. 3:27 ಎರಡನೇ ಡೋಸ್."

ನಾಲ್ಕು ನಿಮಿಷ. ಹಾಳೆ ನೋಡಿ ಹಿರಿಯ ಡಾಕ್ಟರ್ ಕನ್ನಡಕ ತೆಗೆದು ಒರೆಸಿಕೊಂಡರು, ಏನೂ ಹೇಳಲಿಲ್ಲ. ಆದರೆ ನನ್ನ ಕಣ್ಣು 3:27ರ ಮೇಲೆ ನಿಂತಿತ್ತು. ಐದು ನಿಮಿಷಕ್ಕೆ ಕೊಡಬೇಕಾದದ್ದು ಹನ್ನೊಂದು ನಿಮಿಷ ಆಗಿದೆ. ಅಟೆನಲಾಲ್ ತಗೊಳ್ಳುವವರಲ್ಲಿ ಅಡ್ರಿನಲಿನ್ ಸರಿಯಾಗಿ ಹಿಡಿಯುವುದಿಲ್ಲ, ಎರಡನೇ ಡೋಸ್ ಬೇಕಾಗುವುದು ಅವರಿಗೇ ಜಾಸ್ತಿ. ಅಂಥವರಿಗೆ ಕೊಡುವ ಗ್ಲೂಕಗಾನ್ ನಮ್ಮ ಗಾಡಿಯಲ್ಲಿ ಇಲ್ಲ. ರೋಗಿ ಆಸ್ಪತ್ರೆ ತಲುಪಿ ಸುಧಾರಿಸಿಕೊಂಡರು. ಆದರೂ ಆ ಆರು ನಿಮಿಷ ಎಲ್ಲಿ ಹೋಯಿತು?

"ನಾನು ನಿಲ್ಸು ಅಂದೆ ಮೇಡಂ," ಎಂದ ಹುಡುಗ.

"ಎಲ್ಲಿ ನಿಲ್ಸೋದು?" ಎಂದರು ಪೈಲಟ್. "ಒಂದು ಕಡೆ ಧರೆ, ಒಂದು ಕಡೆ ಪ್ರಪಾತ. ಹಿಂದೆ ಲಾರಿ."

ಆ ಶನಿವಾರ ಪಾಠ ಮಾಡಿದ್ದು ಪೈಲಟ್‌ಗಳು. ರಸ್ತೆಯ ನಕ್ಷೆ ಹಾಸಿಕೊಂಡು, ಗಾಡಿ ನಿಲ್ಲಿಸಲು ಅಗಲ ಇರುವ ಜಾಗಗಳಿಗೆ ಪೆನ್ಸಿಲ್‌ನಲ್ಲಿ ಚುಕ್ಕೆ ಇಟ್ಟರು. ಬಸ್ ಸ್ಟಾಪು, ಹಳೆ ಚೆಕ್‌ಪೋಸ್ಟ್, ಒಂದು ಕಾಫಿ ಕಣದ ಗೇಟು, ಒಂದು ಅಂಗಡಿಯ ಮುಂದಿನ ಬಯಲು. ಹೆತ್ತೂರಿನಿಂದ ಸಕಲೇಶಪುರದವರೆಗೆ ಒಂಬತ್ತು ಜಾಗ. ಯಾವ ಎರಡರ ನಡುವೆಯೂ ಐದು ನಿಮಿಷಕ್ಕಿಂತ ಜಾಸ್ತಿ ಇಲ್ಲ, ಒಂದು ಕಡೆ ಬಿಟ್ಟು. ಅಲ್ಲಿ ಏಳು ನಿಮಿಷ. ಅಲ್ಲಿಗೆ ಬರುವ ಮುಂಚೆಯೇ ಎರಡನೇ ಸಿರಿಂಜ್ ತುಂಬಿ ಇಟ್ಟುಕೊಳ್ಳಬೇಕು ಎಂದು ಹುಡುಗ ಕೆಂಪು ಡಬ್ಬಿಯ ಚೀಟಿಯಲ್ಲಿ ಬರೆದ.